ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ



ನಮ್ಮ ದೇರೆಬೈಲಿನಲ್ಲಿ ವಿಮಾನದ ಶಬ್ದ ಕೇಳಿದರೆ ದೊಡ್ಡವರು ಯಾರೂ ತಲೆ ಎತ್ತುವುದಿಲ್ಲ. ಬಜಪೆ ಹತ್ತಿರ ಉಂಟಲ್ಲ, ನಮಗೆ ಅದು ಬಸ್ಸು ಹೋದ ಹಾಗೆ. ಒಂದನೇ ಕ್ಲಾಸಿನ ಮಕ್ಕಳು ಮಾತ್ರ ಅಂಗಳಕ್ಕೆ ಓಡಿ ಬಂದು ಟಾಟಾ ಮಾಡುತ್ತಾರೆ. ಈ ಸಲದ ಗೋಡೆ ಪತ್ರಿಕೆಗೆ ನಾನು ಬರೆಯುತ್ತಿರುವುದು ಒಂದು ವಿಮಾನದಲ್ಲಿ ಹೋಗಿ ತಿರುಗಿ ಬಾರದವರ ವಿಷಯ. ಅವರ ಮೂರ್ತಿ ಮಡಿಕೇರಿಯ ಬಸ್ ನಿಲ್ದಾಣದ ಹತ್ತಿರದ ವೃತ್ತದಲ್ಲಿ ಉಂಟು. ಆ ವೃತ್ತಕ್ಕೆ ಅವರದ್ದೇ ಹೆಸರು. ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ. ನಾನು ಹೋದಾಗ ಬಸ್ಸಿನಲ್ಲಿ ವಾಂತಿ ಮಾಡಿ ಸುಸ್ತಾಗಿದ್ದೆ, ಆ ಮೂರ್ತಿಯನ್ನು ಸರಿಯಾಗಿ ನೋಡಲೇ ಇಲ್ಲ. ಈಗ ಬೇಜಾರಾಗುತ್ತದೆ.

ಅಜ್ಜಮಾಡ ಬೋಪಯ್ಯ ದೇವಯ್ಯನವರು ಹುಟ್ಟಿದ್ದು 1932ನೇ ಇಸವಿ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಕೊಡವರ ಹೆಸರಿನಲ್ಲಿ ಮೊದಲು ಬರುವುದು ಮನೆತನದ ಹೆಸರು. ಹಾಗಾಗಿ ಅಜ್ಜಮಾಡ ಅನ್ನುವುದು ಅವರ ಮನೆತನ, ಬೋಪಯ್ಯ ತಂದೆಯ ಹೆಸರು. ತಂದೆ ಡಾಕ್ಟರರಾಗಿದ್ದರು. ಆಗ ಕೊಡಗು ನಮ್ಮ ಜಿಲ್ಲೆಯ ಹಾಗೆ ಒಂದು ಜಿಲ್ಲೆಯಲ್ಲ, ಬೇರೆಯೇ ಒಂದು ಪ್ರಾಂತ್ಯ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಕೊಡಗಿನವರು ಸೈನ್ಯಕ್ಕೆ ಸೇರುವುದು ಹೊಸತೇನೂ ಅಲ್ಲ. ಕಾರ್ಯಪ್ಪನವರು, ತಿಮ್ಮಯ್ಯನವರು ಇಬ್ಬರೂ ಅಲ್ಲಿಯವರೇ. ದೇವಯ್ಯನವರು ಮಾತ್ರ ನೆಲದ ಸೈನ್ಯ ಬಿಟ್ಟು ವಾಯುಪಡೆಗೆ ಹೋದರು. 1954ರ ಡಿಸೆಂಬರಿನಲ್ಲಿ ಪೈಲಟ್ ಅಧಿಕಾರಿಯಾದರು. ಆಮೇಲೆ ಅವರಿಗೆ ಮದುವೆ ಆಯಿತು. ಹೆಂಡತಿಯ ಹೆಸರು ಸುಂದರಿ. ಇಬ್ಬರು ಹೆಣ್ಣುಮಕ್ಕಳು.

1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ಸುರುವಾಗುವ ಹೊತ್ತಿಗೆ ದೇವಯ್ಯನವರು ಹೊಸ ಪೈಲಟ್‌ಗಳಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದರು. ಅಂದರೆ ಅವರೂ ಒಂದು ಲೆಕ್ಕದಲ್ಲಿ ಮೇಷ್ಟ್ರೇ. ಯುದ್ಧ ಬಂದ ಕಾರಣ ಅವರನ್ನು ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿಗೆ ಕಳಿಸಿದರು. ಆ ಸ್ಕ್ವಾಡ್ರನ್ನಿಗೆ ಟೈಗರ್ಸ್ ಅಂತ ಹೆಸರು. ಅದು ಪಂಜಾಬಿನ ಆದಂಪುರದಲ್ಲಿತ್ತು.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಬಂದು ಪಠಾಣ್‌ಕೋಟ್‌ನಲ್ಲಿ ದಾಳಿ ಮಾಡಿದವು. ನೆಲದ ಮೇಲೆ ನಿಂತಿದ್ದ ನಮ್ಮ ಸುಮಾರು ವಿಮಾನಗಳು ಸುಟ್ಟುಹೋದವು. ಅದಕ್ಕೆ ಉತ್ತರವಾಗಿ ಮರುದಿನ ಬೆಳಕು ಹರಿಯುವ ಮೊದಲೇ ಸರ್ಗೋಧಾದ ಮೇಲೆ ದಾಳಿ ಮಾಡಬೇಕೆಂದು ತೀರ್ಮಾನವಾಯಿತು. ಸರ್ಗೋಧಾ ಅಂದರೆ ಪಾಕಿಸ್ತಾನದ ವಾಯುಪಡೆಯ ಮುಖ್ಯ ನೆಲೆ. ಹನ್ನೆರಡು ಮಿಸ್ಟೇರ್ ವಿಮಾನಗಳು ಹೋಗಬೇಕು. ಮುಂದಾಳು ವಿಂಗ್ ಕಮಾಂಡರ್ ತನೇಜಾ. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಮೀಸಲು. ಕಬಡ್ಡಿಯಲ್ಲಿ ಒಬ್ಬ ಆಟಗಾರ ಗೆರೆಯ ಹೊರಗೆ ಕೂತಿರ್ತಾನಲ್ಲ, ಹಾಗೆ. ಯಾರಾದರೂ ಬಿಟ್ಟುಹೋದರೆ ಮಾತ್ರ ಇವರು ಹೋಗಬೇಕು.

ಇಲ್ಲಿ ನಾನೊಂದು ಮಾತು ಹೇಳಬೇಕು. 2025ರಲ್ಲಿ ಇವರ ಕತೆಯಿಂದ ಸ್ಕೈ ಫೋರ್ಸ್ ಅಂತ ಒಂದು ಹಿಂದಿ ಸಿನಿಮಾ ಬಂತು. ಅದರಲ್ಲಿ ಹೆಸರುಗಳನ್ನೆಲ್ಲ ಬದಲಾಯಿಸಿದ್ದಾರೆ. ಅದಾದ ಮೇಲೆ ನಮ್ಮ ಕ್ಲಾಸಿನ ಕೆಲವರು ದೇವಯ್ಯ ಹೇಳದೆ ಕೇಳದೆ ವಿಮಾನ ತೆಗೆದುಕೊಂಡು ಹೋದವರು ಅಂತ ಹೇಳ್ತಾರೆ. ಅದು ಸರಿಯಲ್ಲ. ಮೀಸಲು ಅಂತ ಇಟ್ಟದ್ದೇ ಜಾಗ ಖಾಲಿಯಾದರೆ ಹೋಗಲಿ ಅಂತ. ಜಾಗ ಖಾಲಿಯಾಯಿತು, ಹೋದರು. ನಾನು ಇದನ್ನು ಬರೆಯಲು ಹೊರಟದ್ದೇ ಮುಖ್ಯವಾಗಿ ಈ ಕಾರಣಕ್ಕೆ.

ದಾಳಿ ಮುಗಿಸಿ ನಮ್ಮ ವಿಮಾನಗಳು ತಿರುಗಿದಾಗ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅಮೆರಿಕದವರು ಕೊಟ್ಟ ವಿಮಾನ ಅದು, ಶಬ್ದಕ್ಕಿಂತ ಎರಡು ಪಟ್ಟು ವೇಗ. ನಮ್ಮ ಮಿಸ್ಟೇರ್ ಫ್ರಾನ್ಸಿನದ್ದು. ಅದಕ್ಕೆ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೇ ಮುಟ್ಟಲು ಆಗುವುದಿಲ್ಲ. ಸೈಕಲ್ಲಿನವನನ್ನು ಬೈಕಿನವನು ಅಟ್ಟಿಸಿಕೊಂಡು ಬಂದ ಹಾಗೆ. ಸ್ಟಾರ್‌ಫೈಟರಿನಲ್ಲಿ ಇದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಖಾನ್. ಅವರು ಮೊದಲು ಬಿಟ್ಟ ಕ್ಷಿಪಣಿ ನೆಲಕ್ಕೆ ಹೋಗಿ ಬಿತ್ತು. ಆಮೇಲೆ ಫಿರಂಗಿಯಿಂದ ಹೊಡೆದ ಗುಂಡು ದೇವಯ್ಯನವರ ವಿಮಾನಕ್ಕೆ ತಾಗಿತು. ಇದರ ಕತೆ ಮುಗಿಯಿತು ಅಂದುಕೊಂಡು ಅಮ್ಜದ್ ಉಳಿದ ವಿಮಾನಗಳ ಕಡೆಗೆ ತಿರುಗಿದರು.

ಮುಗಿದಿರಲಿಲ್ಲ. ಪೆಟ್ಟು ತಿಂದ ವಿಮಾನ ಇನ್ನೂ ಹಾರುತ್ತಾ ಇತ್ತು. ದೇವಯ್ಯನವರು ಆಗ ಮನೆ ಕಡೆಗೆ ಮುಖ ಮಾಡಬಹುದಿತ್ತು ಅಂತ ನನಗೆ ಅನ್ನಿಸುತ್ತದೆ. ಎಣ್ಣೆ ಕೂಡ ಹೋಗಿ ಬರಲಿಕ್ಕೆ ಬೇಕಾದಷ್ಟೇ ಇತ್ತು, ಕಾದಾಡಿದರೆ ವಾಪಾಸು ಮುಟ್ಟುವುದು ಕಷ್ಟ. ಆದರೆ ಮುಂದೆ ಹೋಗುತ್ತಿದ್ದ ಜೊತೆಗಾರರಿಗೆ ಹಿಂದೆ ಏನಾಗ್ತಾ ಉಂಟು ಅಂತಲೇ ಗೊತ್ತಿಲ್ಲ. ದೇವಯ್ಯನವರು ಸ್ಟಾರ್‌ಫೈಟರನ್ನು ಕೆಣಕಿ, ನೆಲಕ್ಕೆ ತೀರಾ ಹತ್ತಿರದಲ್ಲಿ ಕಾದಾಡಿ, ಅದನ್ನು ಹೊಡೆದು ಉರುಳಿಸಿದರು. ಅಮ್ಜದ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿದರು. ದೇವಯ್ಯನವರ ವಿಮಾನವೂ ಬಿತ್ತು. ಅವರಿಗೆ ಆಗ ಇನ್ನೂ ಮೂವತ್ತೆರಡೇ ವರ್ಷ.

ಆದಂಪುರಕ್ಕೆ ಉಳಿದವರು ಬಂದರು, ಅವರು ಬರಲಿಲ್ಲ. ಆ ಕಾದಾಟ ನಮ್ಮವರು ಯಾರೂ ಕಂಡಿರಲಿಲ್ಲ. ಹಾಗಾಗಿ ಕಾಗದದಲ್ಲಿ ನಾಪತ್ತೆ ಅಂತ ಬರೆದರು.

ನಾಪತ್ತೆ ಅಂದರೆ ಸತ್ತರು ಅಂತಲೂ ಅಲ್ಲ, ಇದ್ದಾರೆ ಅಂತಲೂ ಅಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಗಿತ್ತು. ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಐದು ತಿಂಗಳು ಆ ಮನೆಯವರು ಹೇಗಿದ್ದರೋ ದೇವರಿಗೇ ಗೊತ್ತು. ಇಲ್ಲಿ ಐದು ತಿಂಗಳಲ್ಲ. ಅದೇ ಯುದ್ಧದಲ್ಲಿ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪನವರ ವಿಮಾನವೂ ಬಿದ್ದಿತ್ತು, ಅವರು ಸೆರೆ ಸಿಕ್ಕಿದ್ದರು. ಮರುವರ್ಷ 1966ರಲ್ಲಿ ಬಿಡುಗಡೆಯಾಗಿ ಬಂದರು. ದೇವಯ್ಯನವರು ಸೆರೆಯಲ್ಲಿದ್ದವರ ಜೊತೆಗೂ ಬರಲಿಲ್ಲ. ಸುಂದರಿಯವರು ಇಬ್ಬರು ಸಣ್ಣ ಮಕ್ಕಳನ್ನು ಒಬ್ಬರೇ ಸಾಕಬೇಕಾಯಿತು.

ಸತ್ಯ ಗೊತ್ತಾದದ್ದು ಒಂದು ಪುಸ್ತಕದಿಂದ. ಜಾನ್ ಫ್ರಿಕರ್ ಎಂಬ ಇಂಗ್ಲೆಂಡಿನ ಲೇಖಕರು 1965ರ ವಾಯುಯುದ್ಧದ ಬಗ್ಗೆ 1979ರಲ್ಲಿ ಪುಸ್ತಕ ತಂದರು. ಅವರಿಗೆ ವಿವರ ಕೊಟ್ಟವರು ಪಾಕಿಸ್ತಾನದವರೇ. ಸ್ಟಾರ್‌ಫೈಟರನ್ನು ಒಂದು ಮಿಸ್ಟೇರ್ ಬೀಳಿಸಿತು ಅಂತ ಅದರಲ್ಲಿ ಇತ್ತು. ಲೆಕ್ಕ ಹಾಕಿ ನೋಡಿದರೆ ಆ ದಿನ ಅಲ್ಲಿಂದ ಬಾರದ ಮಿಸ್ಟೇರ್ ದೇವಯ್ಯನವರದ್ದು. ಆಗ ತನೇಜಾ ಅವರು ಸುಮ್ಮನೆ ಕೂರಲಿಲ್ಲ, ತಮ್ಮ ಜೊತೆಗಾರನಿಗೆ ನ್ಯಾಯ ಸಿಗಬೇಕು ಅಂತ ಸರಕಾರಕ್ಕೆ ಬರೆದರು. ಶತ್ರುಗಳ ಕಡೆಯಿಂದ ಸಾಕ್ಷಿ ಬಂದು ಒಬ್ಬರ ಶೌರ್ಯ ಗೊತ್ತಾಗುವುದು ಎಂಥ ವಿಚಿತ್ರ ಅಲ್ವಾ! ಅವರ ಶರೀರವನ್ನು ಅಲ್ಲಿನ ಹಳ್ಳಿಯ ಜನ ಹೊಲದಲ್ಲಿ ಮಣ್ಣು ಮಾಡಿದ್ದರು ಎಂಬುದೂ ಆಮೇಲೆಯೇ ತಿಳಿಯಿತು.

1988ರಲ್ಲಿ ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಪರಮವೀರ ಚಕ್ರದ ನಂತರ ಇದೇ ದೊಡ್ಡದು. 1965ರಿಂದ 1988, ಇಪ್ಪತ್ತಮೂರು ವರ್ಷ. ನನ್ನ ಪ್ರಾಯಕ್ಕೆ ಇನ್ನೂ ಹತ್ತು ವರ್ಷ ಸೇರಿಸಬೇಕು. ಪದಕವನ್ನು ದೆಹಲಿಯಲ್ಲಿ ತೆಗೆದುಕೊಂಡವರು ಸುಂದರಿಯವರು. ಅಷ್ಟು ಹೊತ್ತಿಗೆ ಅವರ ಮಕ್ಕಳು ದೊಡ್ಡವರಾಗಿದ್ದರು.