ಎಡಗೈಗೆ ಬಂದ ಪೆನ್ಸಿಲು

ಶಿಲ್ಪಿ ಎಡ್ವಾರ್ಡೊ ಚಿಯಿದಾ ಹುಟ್ಟಿದ್ದು 1924ರಲ್ಲಿ, ಸ್ಪೇನಿನ ಬಾಸ್ಕ್ ಸೀಮೆಯ ಕಡಲತೀರದ ಊರು ಸಾನ್ ಸೆಬಾಸ್ಟಿಯನ್‌ನಲ್ಲಿ. ಹರೆಯದಲ್ಲಿ ಅವರು ಆ ಊರಿನ ರಿಯಲ್ ಸೊಸಿಯೆದಾದ್ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಪಂದ್ಯವೊಂದರಲ್ಲಿ ಮಂಡಿಗೆ ಬಿದ್ದ ಪೆಟ್ಟಿನಿಂದ ಆಟ ಅಲ್ಲಿಗೇ ನಿಂತಿತು.

1943ರಲ್ಲಿ ಮ್ಯಾಡ್ರಿಡ್‌ಗೆ ಹೋಗಿ ವಾಸ್ತುಶಿಲ್ಪ ಓದತೊಡಗಿದರು, ಪೂರ್ತಿ ಮಾಡಲಿಲ್ಲ. ಚಿತ್ರ ಬರೆಯಲು ಕುಳಿತಾಗ ಒಂದು ತೊಡಕು ಎದುರಾಯಿತು. ಕೈ ಓಡದಿರುವುದಲ್ಲ, ಬಲಗೈ ತೀರಾ ಸಲೀಸಾಗಿ ಓಡುವುದೇ ತೊಡಕು! ಕಣ್ಣು ಸರಿಯಾಗಿ ನೋಡುವ ಮೊದಲೇ ಗೆರೆ ಮೂಡಿಬಿಡುತ್ತಿತ್ತು. ಅದಕ್ಕೇ ಪೆನ್ಸಿಲನ್ನು ಎಡಗೈಗೆ ತೆಗೆದುಕೊಂಡರು. ಅಂದವಾಗಿ ಬರೆದ ಮಗುವಿಗೆ ಶಹಬ್ಬಾಸ್ ಹೇಳಿ ಮುಂದಿನ ಬೆಂಚಿಗೆ ಹೋಗುವ ನಾವು ಇಲ್ಲಿ ಕೊಂಚ ನಿಲ್ಲಬೇಕು.

1948ರಲ್ಲಿ ಪ್ಯಾರಿಸ್ ಸೇರಿದರು. ಅಲ್ಲಿನ ಕೆಲಸ ಅವರಿಗೆ ತೃಪ್ತಿ ಕೊಡಲಿಲ್ಲ. ಬಾಸ್ಕ್ ಸೀಮೆಗೆ ಮರಳಿ, ಹೆರ್ನಾನಿಯ ಕಮ್ಮಾರಸಾಲೆಯಲ್ಲಿ ಕಬ್ಬಿಣ ಕಾಸಿ ಬಡಿಯತೊಡಗಿದರು. ಗಣಿ, ಕುಲುಮೆಗಳ ಆ ನಾಡಿಗೆ ಒಗ್ಗಿದ ಲೋಹವದು. 1951ರಲ್ಲಿ ಮೊದಲ ಕಬ್ಬಿಣದ ಶಿಲ್ಪ ಸಿದ್ಧವಾಯಿತು. 1958ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಶಿಲ್ಪಕ್ಕೆ ಬಹುಮಾನ ಬಂತು.

ಗೋಲು ಕಾಯುವವನಿಗೆ ತನ್ನ ಸುತ್ತಲಿನ ಖಾಲಿ ಜಾಗದ ಅಳತೆ ಗೊತ್ತಿರಬೇಕು, ಶಿಲ್ಪಿಗೂ ಅದೇ ಬೇಕು ಎಂದು ಚಿಯಿದಾ ನಂಬಿದ್ದರು. ಅವರ ‘ಗಾಳಿಯ ಬಾಚಣಿಗೆ’ಯಲ್ಲಿ ಇದು ಕಾಣುತ್ತದೆ. 1977ರಲ್ಲಿ ತಮ್ಮೂರಿನ ಕಡಲಬಂಡೆಗಳಿಗೆ ನೆಟ್ಟ ಮೂರು ಉಕ್ಕಿನ ಶಿಲ್ಪಗಳವು. ಬಾಗಿದ ತೋಳುಗಳ ನಡುವೆ ಬಿಟ್ಟ ಜಾಗದಲ್ಲಿ ಗಾಳಿ, ಅಲೆಯ ತುಂತುರು ಹಾದುಹೋಗುತ್ತವೆ. ಅದೇ ಊರಿನಲ್ಲಿ 2002ರಲ್ಲಿ ಅವರು ತೀರಿಕೊಂಡರು.