ತಿಮಿಂಗಿಲದ ಕಥೆಯನ್ನು ಬರೆದ ಹರ್ಮನ್ ಮೆಲ್ವಿಲ್

ಅಮೆರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ 1819ನೆಯ ಇಸವಿಯಲ್ಲಿ ಹುಟ್ಟಿದ ಹರ್ಮನ್ ಮೆಲ್ವಿಲ್ ಎಂಬ ಗ್ರಂಥಕರ್ತನ ಚರಿತ್ರೆಯನ್ನು ಈ ಸಾರಿ ನಮ್ಮ ವಾಚಕರಿಗೆ ತಿಳಿಸುತ್ತೇವೆ. ಅವನ ತಂದೆಯು ವ್ಯಾಪಾರದಲ್ಲಿ ನಷ್ಟಪಟ್ಟು, ಸಾಲಗಾರನಾಗಿ 1832ರಲ್ಲಿ ತೀರಿಹೋದನು. ಆಗ 12 ವರುಷದವನಾಗಿದ್ದ ಹುಡುಗನು ಶಾಲೆಯನ್ನು ಬಿಟ್ಟು ಬ್ಯಾಂಕಿನಲ್ಲಿ ಗುಮಾಸ್ತನಾದನು. ಆ ಕಾಲದಲ್ಲಿ ದೀಪಗಳಿಗೆ ತಿಮಿಂಗಿಲದ ಎಣ್ಣೆಯು ಬಹಳವಾಗಿ ಬೇಕಾಗಿತ್ತು. ಅದಕ್ಕಾಗಿ ಬೇಟೆಗೆ ಹೊರಟ ಒಂದು ಹಡಗನ್ನು ಅವನು 1841ರಲ್ಲಿ ಹತ್ತಿದನು. ಮರುವರುಷ ಅದರಿಂದ ಓಡಿಹೋಗಿ, ಶಾಂತಸಾಗರದ ಮಾರ್ಕೇಸಸ್ ದ್ವೀಪಗಳಲ್ಲಿ ನರಭಕ್ಷಕರೆಂದು ಹೆಸರಾಗಿದ್ದ ಜನರೊಳಗೆ ಕೆಲವು ವಾರ ಇದ್ದನು. ಅವರಾದರೋ ಅವನನ್ನು ಉಪಚರಿಸಿ ಸಾಕಿದರು. ಇದನ್ನು ಕುರಿತು 1846ರಲ್ಲಿ ಪ್ರಕಟವಾದ ಪುಸ್ತಕವು ಅವನಿಗೆ ಹೆಸರನ್ನು ತಂದಿತು.

1851ರಲ್ಲಿ ಅವನು ಮೋಬಿ ಡಿಕ್ ಎಂಬ ದೊಡ್ಡ ಕಥೆಯನ್ನು ಪ್ರಕಟಿಸಿದನು. ಹಡಗು, ಬಿರುಗಾಳಿ, ಬೇಟೆ ಇವು ಬೇರೆ ಕಥೆಗಳಲ್ಲಿಯೂ ಉಂಟು. ಈ ಕಥೆಯ ಬಲವು ಅದರೊಳಗಿನ ಜನರಿಂದ ಬಂದದ್ದೆಂದು ನಾವು ಎಣಿಸುತ್ತೇವೆ. ಹಡಗಿನ ಯಜಮಾನನಿಗೆ ಅಹಾಬನೆಂದು ಹೆಸರು. ಸತ್ಯವೇದವನ್ನು ಬಲ್ಲವರಿಗೆ ಇಸ್ರಾಯೇಲಿನ ದುಷ್ಟ ಅರಸನ ನೆನಪಾಗುವದು. ಬಿಳೀ ತಿಮಿಂಗಿಲವೊಂದು ಅವನ ಒಂದು ಕಾಲನ್ನು ತುಂಡುಮಾಡಿತ್ತು. ಲೋಕದ ಕೇಡೆಲ್ಲಾ ಅದರಲ್ಲಿಯೇ ಇದೆಯೆಂದು ನೆನಸಿ, ಅವನು ಮುಯ್ಯಿ ತೀರಿಸುವದಕ್ಕಾಗಿ ಆಳುಗಳೆಲ್ಲರನ್ನೂ ಎಳೆದುಕೊಂಡು ಹೋಗುತ್ತಾನೆ. ಅವನ ಕೈಕೆಳಗಿನ ಸ್ಟಾರ್‌ಬಕ್ ದೇವಭಕ್ತನು. ಬುದ್ಧಿಯಿಲ್ಲದ ಪ್ರಾಣಿಯ ಮೇಲೆ ಹಗೆ ಸಾಧಿಸುವದು ತಪ್ಪೆಂದು ಹೇಳಿದರೂ, ತಡೆಯಲಾರದೆ ವಿಧೇಯನಾಗುತ್ತಾನೆ. ಕ್ವೀಕ್ವೆಗ್ ಎಂಬ ದ್ವೀಪವಾಸಿಯು ವಿಗ್ರಹಾರಾಧಕನು. ಆದಾಗ್ಯೂ ತನ್ನನ್ನು ಹಾಸ್ಯಮಾಡಿದವನು ಸಮುದ್ರಕ್ಕೆ ಬಿದ್ದಾಗ ತಾನೇ ಹಾರಿ ಅವನನ್ನು ರಕ್ಷಿಸುತ್ತಾನೆ.

ರಾಹೇಲ್ ಎಂಬ ಮತ್ತೊಂದು ಹಡಗಿನ ಯಜಮಾನನು, ಕಳೆದುಹೋದ ತನ್ನ ಮಗನನ್ನು ಹುಡುಕಲು ಸಹಾಯ ಬೇಡಿದಾಗ ಅಹಾಬನು ಒಪ್ಪುವದಿಲ್ಲ. ಮೂರು ದಿನಗಳ ಹೋರಾಟದ ಕಡೆಯಲ್ಲಿ ತಿಮಿಂಗಿಲವು ಹಡಗನ್ನು ಒಡೆಯಲು, ತಪ್ಪಿಲ್ಲದವರೂ ಅಹಾಬನ ಸಂಗಡ ಮುಳುಗುತ್ತಾರೆ. ಕಥೆ ಹೇಳುವ ಇಷ್ಮಾಯೇಲನೊಬ್ಬನೇ, ಕ್ವೀಕ್ವೆಗನಿಗೆಂದು ಮಾಡಿದ್ದ ಶವದ ಪೆಟ್ಟಿಗೆಯ ಆಧಾರದಿಂದ ತೇಲುತ್ತಾನೆ. ಮಗನನ್ನು ಇನ್ನೂ ಹುಡುಕುತ್ತಿದ್ದ ರಾಹೇಲ್ ಹಡಗೇ ಅವನನ್ನು ಎತ್ತಿಕೊಳ್ಳುತ್ತದೆ. ಹಗೆ ಯಾವದು, ಕರುಣೆ ಯಾವದು ಎಂಬದನ್ನು ವಾಚಕನು ಈ ಜನರ ನಡತೆಯಿಂದಲೇ ಕಂಡುಕೊಳ್ಳುತ್ತಾನೆ.

ಆಗಿನ ಜನರು ಆ ಪುಸ್ತಕವನ್ನು ಹೆಚ್ಚಾಗಿ ಕೊಳ್ಳಲಿಲ್ಲ. ಮೆಲ್ವಿಲ್ಲನು 1866ರಿಂದ 19 ವರುಷ ನ್ಯೂಯಾರ್ಕಿನ ಸುಂಕದ ಇಲಾಖೆಯಲ್ಲಿ ದುಡಿದು, 1891ರಲ್ಲಿ ಹೆಚ್ಚುಕಡಿಮೆ ಮರೆತುಹೋದವನಾಗಿ ಮರಣಹೊಂದಿದನು. 1920ರ ತರುವಾಯದ ವರುಷಗಳಲ್ಲಿ ವಿದ್ವಾಂಸರು ಅವನ ಕಥೆಯನ್ನು ತಿರಿಗಿ ಓದಿ, ಅಮೆರಿಕದ ಶ್ರೇಷ್ಠ ಗ್ರಂಥಗಳಲ್ಲಿ ಸೇರಿಸಿದರು.

ಪ್ರಿಯ ವಾಚಕರೇ, ಅಹಾಬನ ರೋಷಕ್ಕಾಗಿ ನಾವೆಲ್ಲರೂ ಮರುಗುವೆವು. ಆದರೆ ತಪ್ಪೆಂದು ತಿಳಿದೂ ಹಿಂಬಾಲಿಸಿದ ಸ್ಟಾರ್‌ಬಕ್ಕನನ್ನು ಕುರಿತು ಹೆಚ್ಚಾಗಿ ಆಲೋಚಿಸಬೇಕೆಂದು ಬೇಡುತ್ತೇವೆ.