ಭೂಮಿಯನ್ನು ಅಳೆದ ಲ್ಯಾಂಬ್ಟನ್

ಭೂಮಿ ದುಂಡಗಿದೆ, ಭೂಪಟದ ಕಾಗದ ಚಪ್ಪಟೆಯಾಗಿದೆ. ಚಕ್ಕೋತದ ಸಿಪ್ಪೆಯನ್ನು ಹರಿಯದೆ ಹಲಗೆಯ ಮೇಲೆ ಸಮನಾಗಿ ಹಾಸಲು ಬಾರದು. ಅಂತೆಯೇ ದುಂಡಾದ ನೆಲವನ್ನು ಕಾಗದಕ್ಕೆ ಇಳಿಸುವಾಗ ಹಿಗ್ಗುಕುಗ್ಗುಗಳು ತಪ್ಪವು. ಅವುಗಳನ್ನು ಲೆಕ್ಕಕ್ಕೆ ಒಳಪಡಿಸುವ ಗಣಿತಕ್ರಮಕ್ಕೆ ಪ್ರಕ್ಷೇಪವೆಂದು ಹೆಸರು. ಈ ಲೆಕ್ಕ ಸರಿಯಾಗಬೇಕಾದರೆ ಭೂಮಿಯ ಆಕಾರವು ನಿಖರವಾಗಿ ತಿಳಿದಿರಬೇಕು. ಅದನ್ನು ಅರಿಯುವುದಕ್ಕಾಗಿ ಬಾಳನ್ನೇ ಸವೆಸಿದವನು ವಿಲಿಯಂ ಲ್ಯಾಂಬ್ಟನ್.

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿದ ಈತನು ಸೈನಿಕನಾಗಿ ಭಾರತಕ್ಕೆ ಬಂದನು. 1799ರ ಮೈಸೂರು ಯುದ್ಧದಲ್ಲಿ, ಇರುಳಿನಲ್ಲಿ ನಡೆದಿದ್ದ ದಂಡೊಂದು ದಿಕ್ಕು ತಪ್ಪಿ ಟಿಪ್ಪುವಿನ ಪಾಳೆಯದತ್ತಲೇ ಸಾಗುತ್ತಿರುವುದನ್ನು ನಕ್ಷತ್ರಗಳನ್ನು ನೋಡಿಯೇ ಕಂಡುಹಿಡಿದನು. ಯುದ್ಧ ಮುಗಿದ ಮೇಲೆ, ದಕ್ಷಿಣದ ಪರ್ಯಾಯದ್ವೀಪವನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ಅಳೆಯುವ ಯೋಜನೆಯನ್ನು ಸರಕಾರದ ಮುಂದಿಟ್ಟನು. ಮದರಾಸಿನಲ್ಲಿ ಇದನ್ನು ಹಾಸ್ಯಮಾಡಿದವರೂ ಇದ್ದರು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗಳಿಗೆ ಹೇಳಿದರೆ ಸಾಕಾಗಿರುವಾಗ, ಅಷ್ಟು ಹಣ ಸುರಿದು ಅದರ ನೆಲೆಯನ್ನು ಗೊತ್ತುಮಾಡುವುದೇಕೆ ಎಂಬುದು ಅವರ ವಾದವಾಗಿತ್ತು.

ಲ್ಯಾಂಬ್ಟನ್ ವಾದಕ್ಕೆ ನಿಲ್ಲಲಿಲ್ಲ. 1800ರ ಕೊನೆಯಲ್ಲಿ ಬೆಂಗಳೂರಿನ ಬಳಿಯ ಬಯಲಿನಲ್ಲಿ ಉಕ್ಕಿನ ಸರಪಣಿಯಿಂದ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನ ಬಳಿ ಮತ್ತೊಂದನ್ನು ಅಳೆದನು. ರೇಖೆಯ ಎರಡು ತುದಿಗಳಿಂದ ದೂರದ ಗುರುತೊಂದನ್ನು ನೋಡಿ ಕೋನಗಳನ್ನು ಅಳೆದರೆ, ತ್ರಿಕೋನದ ಉಳಿದೆರಡು ಬಾಹುಗಳು ಲೆಕ್ಕದಿಂದಲೇ ದೊರೆಯುತ್ತವೆ. ಹೀಗೆ ತ್ರಿಕೋನಕ್ಕೆ ತ್ರಿಕೋನವನ್ನು ಸೇರಿಸುತ್ತ ಪಡುವಣ ಕರಾವಳಿಯನ್ನು ಮುಟ್ಟಿದಾಗ, ಹಳೆಯ ಭೂಪಟಗಳು ನಾಡಿನ ಅಗಲವನ್ನು ಸುಮಾರು 40 ಮೈಲಿಗಳಷ್ಟು ಹೆಚ್ಚಾಗಿ ತೋರಿಸಿದ್ದುದು ಬಯಲಾಯಿತು. ನಕ್ಕವರಿಗೆ ಇದೇ ಉತ್ತರವಾಯಿತು.

1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುತ್ತಿದ್ದಾಗ, ಕೋನವನ್ನು ಅಳೆಯುವ ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವು ಹಗ್ಗ ಕಡಿದು ಗೋಡೆಗೆ ಬಡಿದು ಜಖಂಗೊಂಡಿತು. ಲ್ಯಾಂಬ್ಟನ್ ಎದೆಗುಂದದೆ ವಾರಗಟ್ಟಲೆ ಕುಳಿತು ತಾನೇ ಅದನ್ನು ಸರಿಪಡಿಸಿದನು. ಅಳತೆಯ ಹಾದಿಯಲ್ಲಿಯೇ, 1823ರ ಜನವರಿ 20ರಂದು, ಹಿಂಗನಘಾಟಿನಲ್ಲಿ ತೀರಿಕೊಂಡನು. ಅವನ ಸಹಾಯಕನಾಗಿದ್ದ ಜಾರ್ಜ್ ಎವರೆಸ್ಟ್ ಆ ಕಾರ್ಯವನ್ನು ಹಿಮಾಲಯದ ತಪ್ಪಲಿನವರೆಗೆ ಕೊಂಡೊಯ್ದನು. ಈ ಅಳತೆಗಳ ಆಧಾರದಿಂದ ಎವರೆಸ್ಟ್ 1830ರಲ್ಲಿ ನಿರ್ಣಯಿಸಿದ ಭೂಮಿಯ ಆಕಾರವೇ ಭಾರತದ ಭೂಪಟಗಳಿಗೆ ಬಹುಕಾಲ ತಳಹದಿಯಾಗಿತ್ತು.

ಇಂದಿನ ಉಪಗ್ರಹಗಳು ಬಳಸುವ ಆಕಾರ ಬೇರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಗಣಕಯಂತ್ರದ ಭೂಪಟಗಳನ್ನು ರಚಿಸುವ ತರುಣರು, ತಮ್ಮ ಮುಂದಿರುವ ನಕ್ಷೆ ಯಾವ ಆಕಾರದ, ಯಾವ ಪ್ರಕ್ಷೇಪದ ಮೇಲೆ ನಿಂತಿದೆಯೆಂಬುದನ್ನು ಮೊದಲು ನಮೂದಿಸಬೇಕು. ಅದು ತಪ್ಪಿದರೆ ರಸ್ತೆಯು ಕೆರೆಯ ಮೇಲೆ ಹಾದಂತೆ ಕಂಡೀತು. ಯಂತ್ರ ಎಷ್ಟೇ ಚುರುಕಾಗಿರಲಿ, ಮೊದಲ ಅಳತೆ ಸರಿಯಾಗಿರಬೇಕು. ಸರಪಣಿ ಹಿಡಿದು ಬಿಸಿಲಿನಲ್ಲಿ ನಡೆದ ಲ್ಯಾಂಬ್ಟನ್ನನು ತೋರಿಸಿಕೊಟ್ಟ ಪಾಠವೂ ಇದೇ.